‘ಸರ್, ಇದು ಸರಿಯಿಲ್ಲ’ – ಕೆಲಸದ ಜಾಗದಲ್ಲಿ ದೃಢನುಡಿ

ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯೊಂದನ್ನು ಕಲ್ಪಿಸಿಕೊಳ್ಳಿ. ವಿಭಾಗದ ಮುಖ್ಯಸ್ಥರು 230 ವೋಲ್ಟ್ ವಿದ್ಯುತ್ತಿನಲ್ಲಿ ನಡೆಯುವ ಉಪಕರಣವೊಂದನ್ನು ವಿದ್ಯಾರ್ಥಿಗಳಿಗೆ ತೋರಿಸಲು ಸಿದ್ಧರಾಗಿದ್ದಾರೆ. ಉಪಕರಣದ ಹೊರಕವಚ ಲೋಹದ್ದು. ಅದಕ್ಕೆ ಸೇರಬೇಕಾದ ಅರ್ತ್ ತಂತಿ ಕಳಚಿಕೊಂಡಿರುವುದು ಪಕ್ಕದಲ್ಲಿ ನಿಂತಿರುವ ಲ್ಯಾಬ್ ಅಟೆಂಡರ್ ಕಣ್ಣಿಗೆ ಬೀಳುತ್ತದೆ. "ಸರ್, ವೈರು ಸ್ವಲ್ಪ ಹಳೇದಾಗಿದೆ ಅಲ್ವಾ?" ಎಂದು ಅವರು ಮೆಲ್ಲಗೆ ಹೇಳುತ್ತಾರೆ. "ಹೌದಪ್ಪ, ಮುಂದಿನ ವರ್ಷ ಹೊಸದು ತರಿಸೋಣ" ಎಂದು ಮುಖ್ಯಸ್ಥರು ಸ್ವಿಚ್ಚಿನತ್ತ ಕೈ ಚಾಚುತ್ತಾರೆ.

ಇಲ್ಲಿ ತಿಳಿವಳಿಕೆಗೆ ಕೊರತೆ ಇಲ್ಲ. ಅಪಾಯ ಏನೆಂದು ಒಬ್ಬರಿಗೆ ಸ್ಪಷ್ಟವಾಗಿ ಗೊತ್ತಿದೆ. ಆದರೆ ಸ್ವಿಚ್ಚಿನ ಮೇಲೆ ಕೈಯಿಟ್ಟವರಿಗೆ ಅದು ತಲುಪಲಿಲ್ಲ. ತಲುಪದಿರಲು ಕಾರಣ ಮಾತಿನ ರೂಪ. ಗೌರವ ಕಾಪಾಡಲು ಹೋಗಿ ಅಟೆಂಡರ್ ವಿಷಯವನ್ನೇ ಮರೆಮಾಡಿಬಿಟ್ಟರು.

ನಮಗೆ ತಿಳಿದದ್ದನ್ನು, ನಮಗೆ ಬೇಕಾದದ್ದನ್ನು ಅಥವಾ ನಮ್ಮಿಂದ ಆಗದ್ದನ್ನು ಎದುರಿನವರ ಗೌರವಕ್ಕೆ ಕುಂದು ಬಾರದಂತೆ, ಆದರೆ ಅರ್ಥ ಕೆಡದಂತೆ ನೇರವಾಗಿ ಹೇಳುವುದನ್ನು ಆಡಳಿತಶಾಸ್ತ್ರದವರು ‘ಅಸರ್ಟಿವ್‌ನೆಸ್’ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಇದನ್ನು ‘ದೃಢನುಡಿ’ ಎನ್ನೋಣ. ಇದು ಎರಡು ಅತಿಗಳ ನಡುವಿನ ಸ್ಥಿತಿ. ಒಂದು ತುದಿಯಲ್ಲಿ ಎಲ್ಲದಕ್ಕೂ ತಲೆಯಾಡಿಸುವ ಮೌನವಿದೆ; ಇನ್ನೊಂದು ತುದಿಯಲ್ಲಿ ಎದುರಿನವರನ್ನು ಹೀನಾಯಗೊಳಿಸುವ ಜಗಳವಿದೆ. ಮೌನದಲ್ಲಿ ವಿಷಯ ಹೊರಬರುವುದಿಲ್ಲ. ಜಗಳದಲ್ಲಿ ಹೊರಬಂದರೂ ಕೇಳುವವರ ಗಮನವೆಲ್ಲ ಅವಮಾನದ ಮೇಲೆ ಹೋಗುತ್ತದೆ. ಎರಡರಲ್ಲೂ ಫಲ ಒಂದೇ.

ದೃಢನುಡಿ ಹುಟ್ಟುಗುಣ, ಕೆಲವರಿಗೆ ಮಾತ್ರ ಒಲಿದದ್ದು ಎಂಬ ಭಾವನೆ ನಮ್ಮಲ್ಲಿ ವ್ಯಾಪಕವಾಗಿದೆ. ವಿಮಾನಯಾನ ಕ್ಷೇತ್ರದ ಅನುಭವ ಬೇರೆಯೇ ಹೇಳುತ್ತದೆ. ಅದು ಕಲಿಯಬಹುದಾದ, ಕಲಿಸಬಹುದಾದ ಕೌಶಲ. ಜೊತೆಗೆ, ಸಂಸ್ಥೆಯ ನಿಯಮಗಳ ಬೆಂಬಲವಿಲ್ಲದಿದ್ದರೆ ಆ ಕೌಶಲವೂ ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ಈ ಎರಡು ಮಾತುಗಳನ್ನು ಕೆಲವು ನೈಜ ಘಟನೆಗಳ ಮೂಲಕ ಪರಿಶೀಲಿಸೋಣ.

ಮಂಗಳೂರು, 2010

2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ರನ್‌ವೇಯನ್ನು ದಾಟಿ ಕಣಿವೆಗೆ ಉರುಳಿತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು. ಹವಾಮಾನ ಕೆಟ್ಟಿರಲಿಲ್ಲ, ಎಂಜಿನ್ ಕೈಕೊಟ್ಟಿರಲಿಲ್ಲ.

ತನಿಖಾ ನ್ಯಾಯಾಲಯದ ವರದಿಯಲ್ಲಿರುವ ಅಂಕಿಗಳನ್ನು ನೋಡಿ. ರನ್‌ವೇಯ ಅಂಚನ್ನು ದಾಟುವಾಗ ವಿಮಾನ ಸುಮಾರು 50 ಅಡಿ (15 ಮೀಟರ್) ಎತ್ತರದಲ್ಲಿ, 144 ನಾಟ್ ವೇಗದಲ್ಲಿ ಇರಬೇಕಿತ್ತು. ಇದ್ದದ್ದು ಸುಮಾರು 200 ಅಡಿ (61 ಮೀಟರ್) ಎತ್ತರದಲ್ಲಿ, ವೇಗ 160 ನಾಟ್‌ಗೂ ಹೆಚ್ಚು. ಇದರ ಅರ್ಥವೇನೆಂದು ಪಿಯುಸಿ ವಿದ್ಯಾರ್ಥಿಯೂ ಲೆಕ್ಕ ಹಾಕಬಹುದು. ವಿಮಾನಗಳು ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಇಳಿಯುತ್ತವೆ. 3 ಡಿಗ್ರಿಯ ಟ್ಯಾಂಜೆಂಟ್ 0.0524. ಅಂದರೆ ಹೆಚ್ಚುವರಿ 46 ಮೀಟರ್ ಎತ್ತರವನ್ನು ಅದೇ ಇಳಿಜಾರಿನಲ್ಲಿ ಕಳೆದುಕೊಳ್ಳಲು ಸುಮಾರು 880 ಮೀಟರ್ ಮುಂದೆ ಹೋಗಬೇಕು. ಇನ್ನು ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 160ನ್ನು 144ರಿಂದ ಭಾಗಿಸಿ ವರ್ಗ ಮಾಡಿದರೆ 1.23. ಬ್ರೇಕುಗಳು ನುಂಗಬೇಕಾದ ಶಕ್ತಿ ಸುಮಾರು ಶೇಕಡ 23ರಷ್ಟು ಹೆಚ್ಚು. ರನ್‌ವೇ ಉದ್ದ ಸುಮಾರು 2,450 ಮೀಟರ್. ಚಕ್ರಗಳು ನೆಲ ಮುಟ್ಟಿದಾಗ ಮುಂದೆ ಉಳಿದಿದ್ದದ್ದು ಸುಮಾರು 850 ಮೀಟರ್.

ಇಂಥ ಸ್ಥಿತಿಯಲ್ಲಿ ಪೈಲಟ್ ಮಾಡಬೇಕಾದದ್ದು ‘ಗೋ ಅರೌಂಡ್’. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಿ, ಒಂದು ಸುತ್ತು ಹಾಕಿ ಬರುವುದು. ಇದನ್ನು ಸಹಪೈಲಟ್ ಗುರುತಿಸಿದ್ದರು. ಕಾಕ್‌ಪಿಟ್ ಧ್ವನಿಮುದ್ರಕದ ಪ್ರಕಾರ ಅವರು ಇದನ್ನು ಮೂರು ಸಲ ಹೇಳಿದರು. ಮೊದಲನೆಯದು ಪ್ರಶ್ನೆಯ ಧಾಟಿಯಲ್ಲಿತ್ತು. ಎರಡನೆಯ ಸಲ, ವಿಮಾನ ಸ್ಥಿರವಾಗಿ ಇಳಿಯುತ್ತಿಲ್ಲ ಎಂಬ ಕಾರಣವನ್ನೂ ಸೇರಿಸಿದರು. ಮೂರನೆಯ ಸಲ ಕ್ಯಾಪ್ಟನ್ನರನ್ನು ಸಂಬೋಧಿಸಿ ಹೇಳಿದರು; ಮುಂದೆ ರನ್‌ವೇ ಉಳಿದಿಲ್ಲ ಎಂದೂ ಎಚ್ಚರಿಸಿದರು. ನೆಲ ಸಮೀಪಿಸುತ್ತಿದೆ ಎಂದು ಯಂತ್ರವೂ ಪದೇ ಪದೇ ಎಚ್ಚರಿಕೆ ಕೊಡುತ್ತಿತ್ತು. ಪ್ರಯಾಣದ ದೊಡ್ಡ ಭಾಗವನ್ನು ನಿದ್ದೆಯಲ್ಲಿ ಕಳೆದಿದ್ದ ಕ್ಯಾಪ್ಟನ್ ಇಳಿಯುವುದನ್ನು ಮುಂದುವರಿಸಿದರು. ನೆಲ ಮುಟ್ಟಿದೊಡನೆ ಪೂರ್ಣ ಬ್ರೇಕ್ ಹಾಕಿದ್ದರೆ ವಿಮಾನ ಕಣಿವೆಗೆ ಬೀಳದೆ ನಿಲ್ಲಬಹುದಿತ್ತು ಎಂದೂ ವರದಿ ಹೇಳುತ್ತದೆ; ಆದರೆ ಅವರು ಮತ್ತೆ ಮೇಲೇರಲು ಪ್ರಯತ್ನಿಸಿದರು.

ವರದಿಯ ಒಂದು ಅಂಶವನ್ನು ನೀವು ವಿಶೇಷವಾಗಿ ಗಮನಿಸಬೇಕು. ಸಹಪೈಲಟ್ ಏಕೆ ತಾವೇ ನಿಯಂತ್ರಣವನ್ನು ಕೈಗೆ ತೆಗೆದುಕೊಳ್ಳಲಿಲ್ಲ? ಹಾಗೆ ಮಾಡಲು ಅವರಿಗೆ ಅಧಿಕಾರವಿದೆಯೇ ಎಂಬ ಬಗ್ಗೆ ಇದ್ದ ಸೂಚನೆಗಳಲ್ಲಿನ ಅಸ್ಪಷ್ಟತೆ ಬಹುಶಃ ಇದಕ್ಕೆ ಕಾರಣ ಎಂದು ವರದಿ ದಾಖಲಿಸಿದೆ. ಮಾತು ಬಂತು. ಮಾತಿನ ನಂತರ ಏನು ಮಾಡಬೇಕೆಂಬ ನಿಯಮ ಸ್ಪಷ್ಟವಿರಲಿಲ್ಲ.

ತರಬೇತಿ ಶುರುವಾದದ್ದು ಹೇಗೆ?

ಕಿರಿಯ ಸಿಬ್ಬಂದಿಗೆ ದೃಢವಾಗಿ ಮಾತಾಡಲು ಕಲಿಸಬೇಕು ಎಂಬ ಆಲೋಚನೆ ವಿಮಾನಯಾನದಲ್ಲಿ ಬಲಗೊಂಡದ್ದು 1978ರ ಒಂದು ಅಪಘಾತದ ನಂತರ. ಆ ವರ್ಷ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಮೇಲೆ ಯುನೈಟೆಡ್ ಏರ್‌ಲೈನ್ಸ್‌ನ ಡಿಸಿ-8 ವಿಮಾನ ಸುಮಾರು ಒಂದು ಗಂಟೆ ಸುತ್ತು ಹೊಡೆಯಿತು. ಚಕ್ರಗಳು ಸರಿಯಾಗಿ ಹೊರಬಂದಿವೆಯೇ ಎಂಬ ಸಂಶಯದಲ್ಲಿ ಕ್ಯಾಪ್ಟನ್ ಮುಳುಗಿದ್ದರು. ಇಂಧನ ಇಳಿಯುತ್ತಿರುವುದನ್ನು ಉಳಿದಿಬ್ಬರು ಪ್ರಸ್ತಾಪಿಸಿದರೂ "ಈಗಲೇ ಇಳಿಯಬೇಕು" ಎಂದು ಖಂಡಿತವಾಗಿ ಹೇಳಲಿಲ್ಲ. ಕೊನೆಗೆ ಎಂಜಿನ್‌ಗಳು ಒಂದೊಂದಾಗಿ ನಿಂತು ವಿಮಾನ ಊರಂಚಿನಲ್ಲಿ ಬಿತ್ತು. 189 ಮಂದಿಯಲ್ಲಿ 10 ಮಂದಿ ಸತ್ತರು. ಇಂಧನ ಬರಿದಾಗಿದ್ದರಿಂದ ಬೆಂಕಿ ಹತ್ತಲಿಲ್ಲ. ಸಾವಿನ ಸಂಖ್ಯೆ ಕಡಿಮೆಯಾಗಲು ಅದೂ ಒಂದು ಕಾರಣ.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನ್ನ ಶಿಫಾರಸಿನಲ್ಲಿ ಎರಡು ಸಂಗತಿಗಳನ್ನು ಒಟ್ಟಿಗೆ ಹೇಳಿತು. ಕ್ಯಾಪ್ಟನ್‌ಗಳಿಗೆ ಎಲ್ಲರನ್ನೂ ಒಳಗೊಂಡು ನಿರ್ಧರಿಸುವ ಕ್ರಮವನ್ನೂ, ಉಳಿದ ಸಿಬ್ಬಂದಿಗೆ ದೃಢನುಡಿಯನ್ನೂ ಕಲಿಸಬೇಕು ಎಂಬುದು ಅದರ ಸಾರ. ಹೇಳುವವರಿಗೂ ಕೇಳುವವರಿಗೂ ಏಕಕಾಲಕ್ಕೆ ಪಾಠ! 1979ರಲ್ಲಿ ನಾಸಾ ಈ ಕುರಿತು ಕಾರ್ಯಾಗಾರ ನಡೆಸಿತು. 1981ರಲ್ಲಿ ಯುನೈಟೆಡ್ ಸಂಸ್ಥೆ ತನ್ನ ಪೈಲಟ್‌ಗಳಿಗೆ ತರಬೇತಿ ಆರಂಭಿಸಿತು. ‘ಸಿಆರ್‌ಎಂ’ ಎಂಬ ಹೆಸರಿನಲ್ಲಿ ಈ ತರಬೇತಿ ಈಗ ವಿಮಾನ ಸಂಸ್ಥೆಗಳಲ್ಲಿ ಸಾಮಾನ್ಯವಾಗಿದೆ.

ಉಪಕರಣ ಸುಳ್ಳು ಹೇಳಿದಾಗ

ಆ ತರಬೇತಿ ಇನ್ನೂ ಎಲ್ಲೆಡೆ ಹರಡಿರಲಿಲ್ಲ. 1982ರ ಜನವರಿ 13ರಂದು ವಾಷಿಂಗ್‌ಟನ್‌ನಲ್ಲಿ ಹಿಮ ಸುರಿಯುತ್ತಿರುವಾಗ ಏರ್ ಫ್ಲೋರಿಡಾದ ಬೋಯಿಂಗ್ 737 ಹೊರಟಿತು. ಅದರ ನೂಕುಬಲವನ್ನು ಪೈಲಟ್‌ಗಳು ಮುಖ್ಯವಾಗಿ ಒಂದು ಅನುಪಾತದಿಂದ ತಿಳಿಯುತ್ತಿದ್ದರು. ಎಂಜಿನ್ನಿನ ಹಿಂಭಾಗದ ಅನಿಲದ ಒತ್ತಡವನ್ನು ಮುಂಭಾಗದಲ್ಲಿ ಒಳಹೋಗುವ ಗಾಳಿಯ ಒತ್ತಡದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಎಂಜಿನ್ನಿನ ಹಿಮನಿವಾರಕ ವ್ಯವಸ್ಥೆಯನ್ನು ಹಾಕಿರಲಿಲ್ಲವಾದ್ದರಿಂದ ಮುಂಭಾಗದ ಒತ್ತಡ ಅಳೆಯುವ ಕೊಳವೆ ಮಂಜುಗಡ್ಡೆಯಿಂದ ಕಟ್ಟಿಹೋಯಿತು. ಅದು ಇರುವುದಕ್ಕಿಂತ ಕಡಿಮೆ ಒತ್ತಡವನ್ನು ತೋರಿಸಿತು. ಛೇದ ಚಿಕ್ಕದಾದರೆ ಭಾಗಲಬ್ಧ ದೊಡ್ಡದಾಗುತ್ತದಲ್ಲವೆ? ಮೀಟರು ಅಗತ್ಯವಿದ್ದ 2.04ನ್ನು ತೋರಿಸುತ್ತಿದ್ದಾಗ ನಿಜವಾದ ಅನುಪಾತ ಸುಮಾರು 1.70 ಮಾತ್ರ.

ಉಳಿದ ಮೀಟರುಗಳು ಇದಕ್ಕೆ ಹೊಂದುತ್ತಿರಲಿಲ್ಲ. ಸಹಪೈಲಟ್ ಇದನ್ನು ಕಂಡು, ಇದು ಸರಿಕಾಣುತ್ತಿಲ್ಲ ಎಂಬರ್ಥದ ಮಾತನ್ನು ವಿಮಾನ ಓಡುತ್ತಿರುವಾಗಲೇ ಹಲವು ಸಲ ಹೇಳಿದರು. ಸರಿಯಾಗಿಯೇ ಇದೆ ಎಂದರು ಕ್ಯಾಪ್ಟನ್. ಸಹಪೈಲಟ್ ಒಮ್ಮೆ ಒಪ್ಪದೆ, ಮರುಕ್ಷಣ ಇರಬಹುದೇನೋ ಎಂದು ತಾವೇ ಹಿಂಜರಿದರು. ಯಾವ ಮೀಟರು, ಎಷ್ಟು ವ್ಯತ್ಯಾಸ, ಏನು ಮಾಡಬೇಕು ಎಂಬ ಮೂರೂ ಅವರ ಮಾತಿನಲ್ಲಿರಲಿಲ್ಲ. ನೂಕುಬಲ ಸಾಲದ, ರೆಕ್ಕೆಯ ಮೇಲೆ ಹಿಮ ಹೊತ್ತಿದ್ದ ವಿಮಾನ ಮೇಲೇರಿದ ಅರ್ಧ ನಿಮಿಷದಲ್ಲಿ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. ವಿಮಾನದಲ್ಲಿದ್ದ 79 ಮಂದಿಯಲ್ಲಿ ಉಳಿದವರು ಐದು. ಸೇತುವೆಯ ಮೇಲಿದ್ದ ನಾಲ್ವರೂ ಸತ್ತರು. ಮೀಟರುಗಳು ಸರಿಯಿಲ್ಲವೆಂದು ಗಮನಕ್ಕೆ ತಂದಾಗಲೂ ಹೊರಡುವುದನ್ನು ಕ್ಯಾಪ್ಟನ್ ನಿಲ್ಲಿಸಲಿಲ್ಲ ಎಂಬುದನ್ನು ತನಿಖಾ ಮಂಡಳಿ ಅಪಘಾತದ ಕಾರಣಗಳಲ್ಲೇ ಸೇರಿಸಿತು.

ಮಾತಿನ ಆರು ಮೆಟ್ಟಿಲು

ಈ ಬಗೆಯ ಮೆತ್ತಗಿನ ಮಾತನ್ನು ಭಾಷಾವಿಜ್ಞಾನಿಗಳು ಅಧ್ಯಯನ ಮಾಡಿದ್ದಾರೆ. ಊಟೆ ಫಿಷರ್ ಮತ್ತು ಜುಡಿತ್ ಒರಸಾನು ಎಂಬ ಸಂಶೋಧಕರು, ಅಪಾಯ ಕಂಡಾಗ ಪಕ್ಕದಲ್ಲಿರುವ ಪೈಲಟ್‌ಗೆ ಹೇಗೆ ಹೇಳುತ್ತೀರಿ ಎಂದು ಪೈಲಟ್‌ಗಳನ್ನು ಕೇಳಿದರು. ಉತ್ತರಗಳನ್ನು ಆರು ಬಗೆಯಾಗಿ ವಿಂಗಡಿಸಬಹುದಾಗಿತ್ತು. ನಮ್ಮ ಪ್ರಯೋಗಶಾಲೆಯ ಅರ್ತ್ ತಂತಿಗೇ ಅವನ್ನು ಅನ್ವಯಿಸಿ ನೋಡೋಣ.

1. ಸುಳಿವು: "ವೈರು ಸ್ವಲ್ಪ ಹಳೇದಾಗಿದೆ ಅಲ್ವಾ ಸರ್?"
2. ಇಷ್ಟ: "ಸ್ವಿಚ್ ಹಾಕೋ ಮುಂಚೆ ಒಂದ್ಸಲ ನೋಡಿದ್ರೆ ಒಳ್ಳೇದು ಅನ್ಸುತ್ತೆ ಸರ್."
3. ಪ್ರಶ್ನೆ: "ಅರ್ತ್ ಸರಿಯಾಗಿ ಕೂತಿದೆಯಾ ಸರ್?"
4. ಸಲಹೆ: "ನಾವು ಒಂದ್ಸಲ ಅರ್ತ್ ನೋಡಿಬಿಡೋಣ ಸರ್."
5. ಕರ್ತವ್ಯದ ಮಾತು: "ಅರ್ತ್ ಬಿಚ್ಚಿಕೊಂಡಿದೆ ಸರ್. ಸರಿಮಾಡದೆ ನಾವು ಸ್ವಿಚ್ ಹಾಕೋ ಹಾಗಿಲ್ಲ."
6. ಆಜ್ಞೆ: "ಸ್ವಿಚ್ ಹಾಕಬೇಡಿ ಸರ್!"

ಕ್ಯಾಪ್ಟನ್‌ಗಳು ಹೆಚ್ಚಾಗಿ ಆಜ್ಞೆಯನ್ನೂ ಸಹಪೈಲಟ್‌ಗಳು ಹೆಚ್ಚಾಗಿ ಸುಳಿವನ್ನೂ ಆರಿಸಿಕೊಂಡರು. ಅಪಾಯ ಇಬ್ಬರಿಗೂ ಒಂದೇ ಆಗಿದ್ದರೂ ಮಾತಿನ ರೂಪವನ್ನು ನಿರ್ಧರಿಸಿದ್ದು ಹುದ್ದೆ.

ಸುಳಿವು ಏಕೆ ಸೋಲುತ್ತದೆ? ರೇಡಿಯೋ ಗ್ರಾಹಕವನ್ನು ನೆನಪಿಸಿಕೊಳ್ಳಿ. ಗದ್ದಲಕ್ಕಿಂತ ಸಂಕೇತ ಸಾಕಷ್ಟು ಬಲವಾಗಿದ್ದರೆ ಮಾತ್ರ ಅದನ್ನು ಬೇರ್ಪಡಿಸಬಹುದು. ಅವಸರ, ಆಯಾಸ, ಬೇರೊಂದು ಸಮಸ್ಯೆಯ ಚಿಂತೆ ಇವೆಲ್ಲ ಕೇಳುವವರ ತಲೆಯೊಳಗಿನ ಗದ್ದಲ. ಬಿಡುವಿನ ವೇಳೆಯಲ್ಲಿ ಸುಳಿವು ಸಾಕಾಗುತ್ತದೆ. ಅಪಾಯದ ವೇಳೆಯಲ್ಲಿ ಗದ್ದಲ ಹೆಚ್ಚು, ಆಗಲೇ ನಾವು ಸಂಕೋಚದಿಂದ ಸಂಕೇತವನ್ನು ತಗ್ಗಿಸುತ್ತೇವೆ.

ಹಿರಿಯರಿಗೆ ಎದುರು ಹೇಳುವುದು ನಮ್ಮ ಸಂಸ್ಕೃತಿಗೆ ಒಗ್ಗದು ಎಂಬ ಆಕ್ಷೇಪ ಬರಬಹುದು. ಮೇಲಿನ ಪಟ್ಟಿಯನ್ನು ಮತ್ತೊಮ್ಮೆ ಓದಿ. ಆರೂ ಮಾತುಗಳಲ್ಲಿ ‘ಸರ್’ ಇದೆ. ಆರನೆಯದರಲ್ಲೂ ಕ್ರಿಯಾಪದ ‘ಹಾಕಬೇಡಿ’ ಎಂಬ ಬಹುವಚನದಲ್ಲೇ ಇದೆ. ಕನ್ನಡದಲ್ಲಿ ಗೌರವ ಸಂಬೋಧನೆಯಲ್ಲೂ ಕ್ರಿಯಾಪದದ ರೂಪದಲ್ಲೂ ನೆಲೆಸಿದೆ. ಅದನ್ನು ತೋರಿಸಲು ವಿಷಯವನ್ನು ಮಸುಕುಗೊಳಿಸುವ ಅಗತ್ಯವಿಲ್ಲ. ಐದನೆಯ ಮಾತಿನಲ್ಲಿರುವ ‘ನಾವು’ ಇನ್ನೂ ಉಪಯುಕ್ತ. ಅದು ತಪ್ಪನ್ನು ಯಾರೊಬ್ಬರ ಮೇಲೂ ಹೊರಿಸದೆ ನಿಯಮವನ್ನು ಇಬ್ಬರಿಗೂ ಸಮಾನವಾಗಿ ಅನ್ವಯಿಸುತ್ತದೆ.

ಐದು ಹೆಜ್ಜೆಗಳು

ವಿಮಾನ ಸಿಬ್ಬಂದಿಗೆ ಕಲಿಸುವ ಕ್ರಮವೊಂದರಲ್ಲಿ ಐದು ಹೆಜ್ಜೆಗಳಿವೆ. ಮೊದಲು, ಹೆಸರು ಅಥವಾ ಹುದ್ದೆಯಿಂದ ಕರೆದು ಗಮನ ಸೆಳೆಯುವುದು. ಎರಡನೆಯದು, ನಮ್ಮ ಆತಂಕವನ್ನು ನಮ್ಮದೆಂದೇ ಹೇಳುವುದು. ಮೂರನೆಯದು, ಕಂಡದ್ದನ್ನು ಸಾಧ್ಯವಾದರೆ ಅಂಕಿಯೊಡನೆ ಹೇಳುವುದು. ನಾಲ್ಕನೆಯದು, ಒಂದು ಪರಿಹಾರವನ್ನು ಮುಂದಿಡುವುದು. ಐದನೆಯದು, ಒಪ್ಪಿಗೆ ಕೇಳುವುದು. ಕೊನೆಯ ಹೆಜ್ಜೆಯನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಒಪ್ಪಿಗೆ ಕೇಳಿದಾಗ ಎದುರಿನವರು ಏನಾದರೊಂದು ಉತ್ತರ ಕೊಡಲೇಬೇಕಾಗುತ್ತದೆ. ಮಾತು ಗಾಳಿಯಲ್ಲಿ ಕರಗುವುದಿಲ್ಲ.

ಅಪಾಯವಿಲ್ಲದ ದಿನನಿತ್ಯದ ಪ್ರಸಂಗಕ್ಕೂ ಇದು ಹೊಂದುತ್ತದೆ. ಒಬ್ಬ ಸಹಶಿಕ್ಷಕಿಗೆ ಒಂದೇ ವಾರದಲ್ಲಿ ವಿಜ್ಞಾನ ವಸ್ತುಪ್ರದರ್ಶನ, ಉತ್ತರಪತ್ರಿಕೆಗಳ ಮೌಲ್ಯಮಾಪನ ಎರಡೂ ಬಂದಿವೆ. ಈಗ ಕ್ರೀಡಾಕೂಟದ ಹೊಣೆಯನ್ನೂ ಕೊಡುತ್ತಿದ್ದಾರೆ. ಸುಮ್ಮನೆ ಒಪ್ಪಿ ಮೂರನ್ನೂ ಅರ್ಧಂಬರ್ಧ ಮಾಡುವುದು ಒಂದು ದಾರಿ. ಸ್ಟಾಫ್ ರೂಮಿನಲ್ಲಿ ಗೊಣಗುವುದು ಇನ್ನೊಂದು. ಮೂರನೆಯದು ಹೀಗೆ: "ಸರ್, ಒಂದು ನಿಮಿಷ. ಈ ವಾರ ಮೂರನೇ ಕೆಲಸ ಒಪ್ಪಿಕೊಂಡರೆ ಯಾವುದೂ ಸರಿಯಾಗಲ್ಲ ಅನ್ನೋ ಚಿಂತೆ ನನಗೆ. 120 ಉತ್ತರಪತ್ರಿಕೆ ಇದೆ, ದಿನಕ್ಕೆ 30ರ ಮೇಲೆ ನೋಡೋಕಾಗಲ್ಲ. ಮೌಲ್ಯಮಾಪನ ಮುಂದಿನ ವಾರಕ್ಕೆ ಹೋದರೆ ಕ್ರೀಡಾಕೂಟ ಮಾಡ್ತೀನಿ, ಇಲ್ಲದಿದ್ದರೆ ಅದನ್ನ ಬೇರೆಯವರಿಗೆ ಕೊಡಿ. ಯಾವುದಾಗಬಹುದು ಸರ್?" ಈ ಮಾತಿನಲ್ಲಿ ದೂರಿಲ್ಲ, ಕ್ಷಮಾಪಣೆಯೂ ಇಲ್ಲ. ಮುಖ್ಯೋಪಾಧ್ಯಾಯರು ಇದನ್ನು ಒಪ್ಪದಿರಬಹುದು. ಜೀವಕ್ಕೆ ಸಂಬಂಧಿಸದ ವಿಷಯದಲ್ಲಿ ಹೇಳಬೇಕಾದದ್ದನ್ನು ಹೇಳಿ ಹಿರಿಯರ ತೀರ್ಮಾನಕ್ಕೆ ಬಿಡುವುದೂ ದೃಢನುಡಿಯ ಭಾಗವೇ.

ಸುರಕ್ಷತೆಯ ವಿಷಯದಲ್ಲಿ ಹಾಗೆ ಬಿಡಲಾಗದು. ಅದಕ್ಕಾಗಿ ವಿಮಾನಯಾನದಲ್ಲಿ ‘ಎರಡು ಸವಾಲಿನ ನಿಯಮ’ ಬಳಕೆಗೆ ಬಂದಿದೆ. ಎರಡು ಸಲ ಸ್ಪಷ್ಟವಾಗಿ ಹೇಳಿಯೂ ಸಮರ್ಪಕ ಉತ್ತರ ಬಾರದಿದ್ದರೆ ಕಿರಿಯರು ತಾವೇ ಕ್ರಮ ಕೈಗೊಳ್ಳಬೇಕು. ಇದನ್ನು ಮೊದಲೇ ಬರೆದಿಟ್ಟು ಎಲ್ಲರಿಗೂ ತಿಳಿಸಿದ್ದರೆ, ಕೈಹಾಕುವುದು ಉದ್ಧಟತನವೆನಿಸದೆ ಕರ್ತವ್ಯವೆನಿಸುತ್ತದೆ. ಮಂಗಳೂರಿನ ವರದಿ ಬೊಟ್ಟು ಮಾಡಿದ್ದು ಇಂಥ ಸ್ಪಷ್ಟತೆಯ ಅಭಾವವನ್ನೇ.

ದನಿ ಇದ್ದರೆ ಸಾಕೆ? ಚಾಲೆಂಜರ್ ಪಾಠ

1986ರ ಜನವರಿ 27ರ ರಾತ್ರಿ ನಡೆದ ದೂರವಾಣಿ ಸಭೆಯಲ್ಲಿ ರಾಕೆಟ್ ತಯಾರಿಸಿದ ಮಾರ್ಟನ್ ಥಿಯೊಕಾಲ್ ಕಂಪನಿಯ ಎಂಜಿನಿಯರುಗಳು ಸುಳಿವು ಕೊಡಲಿಲ್ಲ, ನೇರವಾಗಿ ಹೇಳಿದರು: 53 ಡಿಗ್ರಿ ಫ್ಯಾರನ್‌ಹೀಟ್‌ಗಿಂತ (ಸುಮಾರು 12 ಡಿಗ್ರಿ ಸೆಲ್ಸಿಯಸ್) ಕಡಿಮೆ ತಾಪದಲ್ಲಿ ಚಾಲೆಂಜರ್ ನೌಕೆಯನ್ನು ಹಾರಿಸಬೇಡಿ. ಚಳಿಯಲ್ಲಿ ರಬ್ಬರ್ ಉಂಗುರಗಳು ಗಡುಸಾಗಿ, ಸಂದುಗಳನ್ನು ಬೇಗನೆ ಮುಚ್ಚಲಾರವು ಎಂಬುದು ಅವರ ಭಯ. ನಾಸಾ ಅಧಿಕಾರಿಗಳು ಆಕ್ಷೇಪಿಸಿದರು. ಕಂಪನಿಯ ಆಡಳಿತವರ್ಗ ಬಿಡುವು ಪಡೆದು, ಎಂಜಿನಿಯರುಗಳ ಮಾತನ್ನು ಬದಿಗಿಟ್ಟು, ಒಪ್ಪಿಗೆ ನೀಡಿತು. ಮರುದಿನ ಸುಮಾರು 2 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಹಾರಿದ ನೌಕೆ 73 ಸೆಕೆಂಡುಗಳಲ್ಲಿ ಒಡೆದು ಏಳು ಮಂದಿ ಗಗನಯಾತ್ರಿಗಳು ಸತ್ತರು. ಫೆಬ್ರವರಿಯಲ್ಲಿ ರಿಚರ್ಡ್ ಫೈನ್‌ಮನ್ ಆ ರಬ್ಬರಿನ ತುಂಡನ್ನು ಮಂಜುನೀರಿನಲ್ಲಿ ಅದ್ದಿ, ಅದು ಬೇಗನೆ ಮೊದಲಿನ ಆಕಾರಕ್ಕೆ ಮರಳದೆಂದು ಎಲ್ಲರೆದುರು ತೋರಿಸಿದರು.

ವಿಜ್ಞಾನ ವಿದ್ಯಾರ್ಥಿಗಳು ಇಲ್ಲಿ ಕಲಿಯಬೇಕಾದ ಇನ್ನೊಂದು ಸಂಗತಿಯಿದೆ. ಆ ರಾತ್ರಿಯ ಚರ್ಚೆ ಹಾನಿಯಾಗಿದ್ದ ಹಾರಾಟಗಳ ಸುತ್ತಲೇ ನಡೆಯಿತು. ಅವುಗಳಲ್ಲಿ ಒಂದು ಬೆಚ್ಚನೆಯ ದಿನದ ಹಾರಾಟವಾಗಿದ್ದರಿಂದ ತಾಪಕ್ಕೂ ಹಾನಿಗೂ ಸಂಬಂಧ ಎದ್ದು ಕಾಣಲಿಲ್ಲ. ತನಿಖಾ ಆಯೋಗ ಹಾನಿಯಾಗದ ಹಾರಾಟಗಳನ್ನೂ ಸೇರಿಸಿ ನೋಡಿತು. 66 ಡಿಗ್ರಿ ಫ್ಯಾರನ್‌ಹೀಟ್ ಮತ್ತು ಅದಕ್ಕೂ ಮೇಲಿನ ತಾಪದ 20 ಹಾರಾಟಗಳಲ್ಲಿ ಮೂರರಲ್ಲಿ ಮಾತ್ರ ಹಾನಿ. 63 ಡಿಗ್ರಿ ಮತ್ತು ಅದಕ್ಕೂ ಕೆಳಗಿನ ನಾಲ್ಕರಲ್ಲಿ ನಾಲ್ಕರಲ್ಲೂ ಹಾನಿ. ಪೂರ್ತಿ ಅಂಕಿಅಂಶ ದೃಢನುಡಿಗೆ ಬೆನ್ನೆಲುಬು. ಹಾಗೆಂದು ಹೊಣೆಯನ್ನು ಎಂಜಿನಿಯರುಗಳ ಮೇಲೆ ಹಾಕುವುದು ನ್ಯಾಯವಲ್ಲ. ಅಪಾಯವಿದೆ ಎಂದವರೇ ಅದನ್ನು ಸಾಬೀತುಮಾಡಬೇಕು ಎಂಬಂತೆ ಆ ಸಭೆ ತಿರುಗಿತ್ತು. ಸುರಕ್ಷಿತ ಎಂದವರು ಅದನ್ನು ಸಾಬೀತುಮಾಡಬೇಕಾಗಿತ್ತು.

ಕೇಳುವವರ ಹೊಣೆ

ಆದ್ದರಿಂದ ಈ ಲೇಖನದ ಕೊನೆಯ ಮಾತುಗಳು ಹಿರಿಯ ಸ್ಥಾನದಲ್ಲಿರುವ ಓದುಗರಿಗೆ. ಕಿರಿಯರ ಬಾಯಿ ತೆರೆಸುವ ಕೀಲಿ ಬಹುಪಾಲು ಹಿರಿಯರ ಕೈಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಶಸ್ತ್ರಚಿಕಿತ್ಸೆಯ ಸುರಕ್ಷತಾ ಪಟ್ಟಿಯ ಪ್ರಕಾರ, ಚರ್ಮ ಕೊಯ್ಯುವ ಮುನ್ನ ಕೋಣೆಯಲ್ಲಿರುವ ಎಲ್ಲರೂ ತಮ್ಮ ಹೆಸರು ಮತ್ತು ಕೆಲಸವನ್ನು ಹೇಳಬೇಕು. ಒಮ್ಮೆ ದನಿ ತೆಗೆದವರಿಗೆ ಎರಡನೆಯ ಸಲ ಮಾತಾಡುವುದು ಸುಲಭ ಎಂಬುದು ಇದರ ಹಿಂದಿನ ತರ್ಕ. ನವದೆಹಲಿಯ ಆಸ್ಪತ್ರೆಯೊಂದೂ ಸೇರಿದಂತೆ ಎಂಟು ದೇಶಗಳ ಎಂಟು ಆಸ್ಪತ್ರೆಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಟ್ಟಿ ಬಳಸತೊಡಗಿದ ಮೇಲೆ ಸಾವಿನ ಪ್ರಮಾಣ ಶೇಕಡ 1.5ರಿಂದ 0.8ಕ್ಕೆ ಇಳಿದಿತ್ತು. ಆದರೆ ಕೆನಡಾದ ಆಂಟಾರಿಯೊದಲ್ಲಿ 101 ಆಸ್ಪತ್ರೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ. ಕಾಗದದ ಮೇಲಿನ ಪಟ್ಟಿಗೆ ಗುರುತು ಹಾಕುವುದು ಬೇರೆ, ಅದರಂತೆ ಮಾತಾಡುವುದು, ಕೇಳಿಸಿಕೊಳ್ಳುವುದು ಬೇರೆ.

ನಿಮ್ಮ ಪ್ರಯೋಗಶಾಲೆಯಲ್ಲಿ ನಾಳೆಯೇ ಆರಂಭಿಸಬಹುದಾದ ಎರಡು ಕ್ರಮಗಳಿವೆ. ಒಂದು, ‘ನಿಲ್ಲಿಸಿ’ ಎಂಬ ಪದವನ್ನು ಎಲ್ಲರಿಗೂ ಕೊಡಿ. ಅದನ್ನು ವಿದ್ಯಾರ್ಥಿ ಹೇಳಲಿ, ಅಟೆಂಡರ್ ಹೇಳಲಿ, ಮೊದಲು ಸ್ವಿಚ್ ಆರಬೇಕು, ಕಾರಣ ಆಮೇಲೆ ಕೇಳಬೇಕು. ಎರಡು, ಹಾಗೆ ನಿಲ್ಲಿಸಿದ್ದು ಅನಗತ್ಯವಾಗಿತ್ತೆಂದು ತಿಳಿದಾಗಲೂ ನಗಬೇಡಿ, ಗದರಬೇಡಿ. "ಹೇಳಿದ್ದು ಒಳ್ಳೇದಾಯ್ತು" ಎನ್ನಿ. ಅನಗತ್ಯವಾಗಿ ಒಮ್ಮೆ ನಿಂತರೆ ನಷ್ಟ ಐದು ನಿಮಿಷ. ಆ ದಿನ ಗದರಿಸಿಕೊಂಡ ವಿದ್ಯಾರ್ಥಿ ಮುಂದೊಂದು ದಿನ ಕಾರ್ಖಾನೆಯಲ್ಲೋ ಆಸ್ಪತ್ರೆಯಲ್ಲೋ ಕಾಕ್‌ಪಿಟ್ಟಿನಲ್ಲೋ ಅಪಾಯವನ್ನು ಕಂಡೂ ಸುಮ್ಮನಿದ್ದರೆ ಆಗುವ ನಷ್ಟಕ್ಕೆ ಲೆಕ್ಕವಿಲ್ಲ.